ಒಂದೇ ಫೋಟೋದಲ್ಲಿ ಇಡೀ ಸಿನಿಮಾ: ಹಿರೋಶಿ ಸುಗಿಮೊಟೊ ಅವರ ಕ್ಯಾಮೆರಾ ಕಥೆ

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಥಿಯೇಟರಿನ ಬಾಲ್ಕನಿಯಲ್ಲಿ ಟ್ರೈಪಾಡ್ ಮೇಲೆ ಒಂದು ಕ್ಯಾಮೆರಾ ಇಟ್ಟಿದ್ದೀರಿ ಅಂದ್ಕೊಳ್ಳಿ. ಸಿನಿಮಾ ಶುರುವಾದ ತಕ್ಷಣ ಶಟರ್ ತೆಗೀತೀರಿ. ಎರಡು ಗಂಟೆ ಆದ್ಮೇಲೆ, ಸಿನಿಮಾ ಮುಗಿದಾಗ ಮುಚ್ತೀರಿ. ಆ ಒಂದೇ ಫೋಟೋದಲ್ಲಿ ಏನು ಕಾಣುತ್ತೆ? ಹೀರೋ ಮುಖನಾ? ಫೈಟ್ ಸೀನಾ? ಎಲ್ಲಾ ಸೇರಿ ಕಲಸಿಹೋದ ಒಂದು ಗೋಜಲಾ?

ಯಾವುದೂ ಅಲ್ಲ. ಪರದೆ ಪೂರ್ತಿ ಬೆಳ್ಳಗೆ, ದೀಪ ಹಚ್ಚಿಟ್ಟ ಹಾಗೆ ಹೊಳೀತಾ ಇರುತ್ತೆ. ಅದರೊಳಗೆ ಒಂದೇ ಒಂದು ಚಿತ್ರವೂ ಇರಲ್ಲ.

ಈ ಪ್ರಶ್ನೆಯನ್ನು 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕೂತು ತನ್ನನ್ನೇ ಕೇಳಿಕೊಂಡು, ನಿಜವಾಗಿಯೂ ಮಾಡಿ ನೋಡಿದವರು ಜಪಾನಿನ ಕಲಾ ಛಾಯಾಗ್ರಾಹಕ ಹಿರೋಶಿ ಸುಗಿಮೊಟೊ. 'ಥಿಯೇಟರ್ಸ್' ಅನ್ನೋ ಈ ಸರಣಿ ಇವತ್ತು ಜಗತ್ತಿನ ದೊಡ್ಡ ದೊಡ್ಡ ಮ್ಯೂಸಿಯಮ್‌ಗಳಲ್ಲಿದೆ. ಆದ್ರೆ ಎಂಜಿನಿಯರಿಂಗ್ ಓದೋ ನಮಗೆ ಅವರು ಇಷ್ಟ ಆಗೋದಕ್ಕೆ ಇನ್ನೊಂದು ಕಾರಣ ಇದೆ ಅಂತ ನನಗನ್ನಿಸುತ್ತೆ. ಅವರ ಪ್ರತಿಯೊಂದು ಸರಣಿಯೂ ಒಂದು ಲ್ಯಾಬ್ ಎಕ್ಸ್‌ಪೆರಿಮೆಂಟ್ ಥರ ಇದೆ. ಮೊದಲು ಒಂದು ಸ್ಪಷ್ಟವಾದ ಪ್ರಶ್ನೆ, ಆಮೇಲೆ ಅದಕ್ಕೊಂದು ಸೆಟಪ್, ಆಮೇಲೆ ವರ್ಷಗಟ್ಟಲೆ ತಾಳ್ಮೆ.

ಮೊದಲು ಆ ಬಿಳಿ ಪರದೆಯ ಲೆಕ್ಕ ಮುಗಿಸಿಬಿಡೋಣ. ಫಿಲ್ಮ್ ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್. ಎರಡು ಗಂಟೆ ಅಂದ್ರೆ 7,200 ಸೆಕೆಂಡ್. ಗುಣಿಸಿದ್ರೆ 1,72,800 ಫ್ರೇಮ್. ಇಷ್ಟೂ ಚಿತ್ರಗಳು ಒಂದೇ ನೆಗೆಟಿವ್ ಮೇಲೆ ಒಂದರ ಮೇಲೊಂದು ಬೀಳುತ್ತವೆ. ಫಿಲ್ಮ್‌ಗೆ ಮೊದಲು ಯಾವುದು ಬಂತು, ಆಮೇಲೆ ಯಾವುದು ಬಂತು ಅನ್ನೋದು ಗೊತ್ತಾಗಲ್ಲ. ಅದು ಬರೀ ಬೆಳಕನ್ನು ಕೂಡಿಸ್ತಾ ಹೋಗುತ್ತೆ. ಮ್ಯಾಥ್ಸ್ ಕ್ಲಾಸಿನಲ್ಲಿ ಮಾಡೋ ಇಂಟಿಗ್ರೇಷನ್ ಇದೇ ತಾನೆ? ಕೊನೆಗೆ ಕೈಗೆ ಸಿಗೋದು ಒಟ್ಟು ಮೊತ್ತ ಮಾತ್ರ, ದಾರಿಯ ವಿವರ ಎಲ್ಲಾ ಹೋಗಿರುತ್ತೆ. ಕತ್ತಲೆಯ ಹಾಲ್‌ನ ಗೋಡೆ ಕಾಣಿಸಬೇಕು ಅಂದ್ರೆ ಅಷ್ಟು ಹೊತ್ತು ಎಕ್ಸ್‌ಪೋಷರ್ ಬೇಕೇ ಬೇಕು. ಅಷ್ಟು ಹೊತ್ತಿಗೆ ನೇರವಾಗಿ ಬೆಳಕು ಚೆಲ್ಲೋ ಪರದೆಯ ಭಾಗ ಸ್ಯಾಚುರೇಟ್ ಆಗಿ ಬೆಳ್ಳಗಾಗಿಬಿಡುತ್ತೆ.

ಇಲ್ಲಿ ಒಂದು ತಮಾಷೆ ಇದೆ. ಸಿನಿಮಾ ನೋಡುವಾಗ ನಾವು ಪರದೆ ನೋಡ್ತೀವಿ, ಥಿಯೇಟರನ್ನು ಯಾರೂ ನೋಡಲ್ಲ. ಸುಗಿಮೊಟೊ ಫೋಟೋದಲ್ಲಿ ಉಲ್ಟಾ. ಸಿನಿಮಾ ಅಳಿಸಿಹೋಗಿ, ಅದರದ್ದೇ ಬೆಳಕಿನಲ್ಲಿ ಸುತ್ತಲಿನ ಹಾಲ್ ಎದ್ದು ಕಾಣುತ್ತೆ. ಸಾಲು ಸಾಲು ಸೀಟು, ಬಾಲ್ಕನಿಯ ಅಂಚು, ಗೋಡೆಯ ಮೇಲಿನ ಅಲಂಕಾರ, ಎಲ್ಲಾ. 1993ರಲ್ಲಿ ಅವರು ಬಯಲಿನಲ್ಲಿ ಕಾರೊಳಗೆ ಕೂತು ಸಿನಿಮಾ ನೋಡೋ ಡ್ರೈವ್-ಇನ್ ಥಿಯೇಟರ್‌ಗಳನ್ನೂ ಹೀಗೇ ತೆಗೆದರು. ಅದರಲ್ಲಿ ಬಿಳಿ ಪರದೆಯ ಮೇಲಿನ ಆಕಾಶದಲ್ಲಿ ಬೆಳಕಿನ ಗೆರೆಗಳು ಕಾಣುತ್ತವೆ. ಅಷ್ಟು ಹೊತ್ತಿನಲ್ಲಿ ಮೇಲೆ ಚಲಿಸಿದ ವಿಮಾನ, ನಕ್ಷತ್ರಗಳು ತಾವೇ ಎಳೆದ ಗೆರೆ ಅವು. 2015ರ ಹೊತ್ತಿಗೆ ಅಮೆರಿಕದ ಮುಚ್ಚಿಹೋದ, ಸೀಲಿಂಗ್ ಉದುರಿ ಬೀಳ್ತಿರೋ ಹಳೇ ಥಿಯೇಟರ್‌ಗಳಿಗೆ ಹೋಗಿ, ಅಲ್ಲಿ ಮತ್ತೆ ಪರದೆ ಕಟ್ಟಿಸಿ, ಸಿನಿಮಾ ಹಾಕಿಸಿ ಫೋಟೋ ತೆಗೆದರು. ಸತ್ತುಹೋದ ಕಟ್ಟಡಕ್ಕೆ ಕೊನೆಯ ಒಂದು ಶೋ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಸುಗಿಮೊಟೊ ಹುಟ್ಟಿದ್ದು 1948ರಲ್ಲಿ, ಟೋಕಿಯೋದಲ್ಲಿ. ಹೈಸ್ಕೂಲ್ ಹುಡುಗನಾಗಿದ್ದಾಗ ಥಿಯೇಟರಿನಲ್ಲಿ ಕೂತು ಪರದೆ ಮೇಲಿನ ಆಡ್ರಿ ಹೆಪ್‌ಬರ್ನ್ ಫೋಟೋ ತೆಗೀತಿದ್ದರಂತೆ. ಮುಂದೆ ಅದೇ ಪರದೆಯಿಂದ ಎಲ್ಲಾ ನಟ ನಟಿಯರನ್ನೂ ಮಾಯ ಮಾಡೋದೂ ಇದೇ ಹುಡುಗನೇ ಅನ್ನೋದು ನೆನಪಿರಲಿ. 1970ರಲ್ಲಿ ಟೋಕಿಯೋದ ರಿಕ್ಕ್ಯೋ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದರು. ವಿಷಯ ಫೋಟೋಗ್ರಫಿ ಅಲ್ಲ, ರಾಜಕೀಯ ಮತ್ತು ಸಮಾಜಶಾಸ್ತ್ರ. ಆಮೇಲೆ ಅಮೆರಿಕಕ್ಕೆ ಹೋಗಿ ಲಾಸ್ ಏಂಜಲಿಸ್‌ನ ಆರ್ಟ್ ಸೆಂಟರ್ ಕಾಲೇಜ್ ಆಫ್ ಡಿಸೈನ್‌ನಲ್ಲಿ ಫೋಟೋಗ್ರಫಿ ಕಲಿತರು. 1974ರಲ್ಲಿ ನ್ಯೂಯಾರ್ಕಿಗೆ ಬಂದರು.

ಫೋಟೋ ಮಾರಿ ಬದುಕೋದು ಆಗಲೂ ಸುಲಭ ಇರಲಿಲ್ಲ. ಅದಕ್ಕೆ ಸುಮಾರು ಹತ್ತು ವರ್ಷ ನ್ಯೂಯಾರ್ಕಿನಲ್ಲಿ ಜಪಾನಿನ ಹಳೇ ಕಲಾವಸ್ತುಗಳ ವ್ಯಾಪಾರ ಮಾಡಿದರು. ಜಪಾನಿಗೆ ಹೋಗಿ ಹಳೇ ವಿಗ್ರಹ, ಪಾತ್ರೆ, ಬಟ್ಟೆ ಹುಡುಕಿ ತರೋದು, ಇಲ್ಲಿ ಮಾರೋದು. ನಾವಾದ್ರೆ ಇದನ್ನ ಸೈಡ್ ಬಿಸಿನೆಸ್ ಅಂತ ಮರೆತುಬಿಡ್ತೀವಿ. ಆದ್ರೆ ನೂರಾರು ವರ್ಷ ಬಾಳಿದ ವಸ್ತುವನ್ನು ದಿನಾ ಕೈಯಲ್ಲಿ ಹಿಡಿದು ನೋಡಿದ ಅನುಭವ ಅವರ ಫೋಟೋಗಳಲ್ಲಿ ಕಾಣುತ್ತೆ. ಕಾಲ ಅನ್ನೋದು ಅವರ ನಿಜವಾದ ಸಬ್ಜೆಕ್ಟ್.

ನ್ಯೂಯಾರ್ಕಿಗೆ ಬಂದ ಹೊಸತರಲ್ಲಿ ಅವರು ಅಲ್ಲಿನ ಅಮೆರಿಕನ್ ಮ್ಯೂಸಿಯಮ್ ಆಫ್ ನ್ಯಾಚುರಲ್ ಹಿಸ್ಟರಿಗೆ ಹೋದರು. ಅಲ್ಲಿ ಡಯೊರಾಮಾಗಳಿವೆ. ಗಾಜಿನ ಹಿಂದೆ ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿಸಿದಂತೆ ಮಾಡಿಟ್ಟ ಮಾದರಿ, ಹಿಂದುಗಡೆ ಬಣ್ಣ ಬಳಿದ ಕಾಡೋ ಹಿಮವೋ ಇರೋ ಗೋಡೆ. ನೋಡಿದ್ರೆ ನಕಲಿ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಸುಗಿಮೊಟೊ ಒಂದು ಕಣ್ಣು ಮುಚ್ಚಿ ನೋಡಿದರು. ತಟ್ಟನೆ ಅದೆಲ್ಲಾ ನಿಜ ಅನ್ನಿಸಿಬಿಡ್ತು.

ಕಾರಣ ಸಿಂಪಲ್. ನಮ್ಮ ಎರಡು ಕಣ್ಣುಗಳ ಮಧ್ಯೆ ಸ್ವಲ್ಪ ಅಂತರ ಇದೆ, ಆದ್ದರಿಂದ ಎರಡಕ್ಕೂ ಸ್ವಲ್ಪ ಬೇರೆ ಬೇರೆ ಚಿತ್ರ ಸಿಗುತ್ತೆ. ಆ ವ್ಯತ್ಯಾಸದಿಂದ ಮೆದುಳು ದೂರವನ್ನು ಲೆಕ್ಕ ಹಾಕುತ್ತೆ. ಕರಡಿ ಹತ್ತಿರ ಇದೆ, ಹಿಂದಿನ ಬೆಟ್ಟ ಬರೀ ಗೋಡೆ ಅಂತ ಗೊತ್ತಾಗೋದು ಹೀಗೆ. ಒಂದು ಕಣ್ಣು ಮುಚ್ಚಿದ್ರೆ ಆ ಸುಳಿವು ಹೋಯ್ತು. ಕ್ಯಾಮೆರಾಗೆ ಇರೋದೇ ಒಂದು ಕಣ್ಣು. ಜೊತೆಗೆ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್ ಹಾಕಿದ್ರೆ ಬಳಿದ ಬಣ್ಣದ ಸುಳಿವೂ ಹೋಗುತ್ತೆ. 1976ರಲ್ಲಿ ತೆಗೆದ 'ಪೋಲಾರ್ ಬೇರ್' ಅನ್ನೋ ಫೋಟೋ ನೋಡಿ. ಹಿಮದ ಮೇಲೆ ಈಗಷ್ಟೇ ಬೇಟೆಯಾಡಿದ ಸೀಲ್ ಎದುರು ನಿಂತ ಹಿಮಕರಡಿ. ಛಾಯಾಗ್ರಾಹಕ ಆರ್ಕ್ಟಿಕ್‌ಗೆ ಹೋಗಿ ಪ್ರಾಣ ಒತ್ತೆ ಇಟ್ಟು ತೆಗೆದ ಹಾಗಿದೆ. ನಿಜದಲ್ಲಿ ಆ ಕರಡಿ ಸತ್ತು ಎಷ್ಟೋ ಕಾಲ ಆಗಿತ್ತು.

ಎಐ ಚಿತ್ರ ಬಂದ್ಮೇಲೆ ಫೋಟೋ ನಂಬೋಕೆ ಆಗಲ್ಲ ಅಂತ ಎಲ್ಲರೂ ಹೇಳ್ತಾರಲ್ಲ, ಸುಗಿಮೊಟೊ ಇದನ್ನ 50 ವರ್ಷದ ಹಿಂದೆಯೇ ತೋರಿಸಿದ್ದರು, ಅದೂ ಒಂದು ಗೆರೆಯನ್ನೂ ತಿದ್ದದೆ. ಕ್ಯಾಮೆರಾ ತನ್ನ ಮುಂದೆ ಇದ್ದದ್ದನ್ನು ಕರೆಕ್ಟಾಗಿಯೇ ದಾಖಲಿಸಿತ್ತು. 'ಫೋಟೋ ಇದೆ ಅಂದ್ರೆ ಇದು ನಿಜ' ಅಂತ ತೀರ್ಮಾನ ಮಾಡಿದ್ದು ನಾವು.

1999ರಲ್ಲಿ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಮೇಣದ ಪ್ರತಿಮೆಗಳನ್ನು ಕಪ್ಪು ಹಿನ್ನೆಲೆಯಲ್ಲಿ ನಿಲ್ಲಿಸಿ, ಸ್ಟುಡಿಯೋ ಲೈಟ್ ಹಾಕಿ, ಬದುಕಿರೋ ಮನುಷ್ಯರ ಪೋರ್ಟ್ರೇಟ್ ಥರ ತೆಗೆದರು. ಅದರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಇದ್ದಾನೆ. ಅವನು ಸತ್ತಿದ್ದು 1547ರಲ್ಲಿ, ಫೋಟೋಗ್ರಫಿ ಹುಟ್ಟೋಕೆ ಸುಮಾರು ಮುನ್ನೂರು ವರ್ಷ ಮೊದಲು. ಹಾಗಾದ್ರೆ ಅವನ ಫೋಟೋ ಹೇಗೆ ಬಂತು? ರಾಜನನ್ನು ನೋಡಿ ಹೋಲ್ಬೈನ್ ಪೇಂಟಿಂಗ್ ಮಾಡಿದ, ಪೇಂಟಿಂಗ್ ನೋಡಿ ಮೇಣದ ಪ್ರತಿಮೆ ಮಾಡಿದರು, ಪ್ರತಿಮೆಯ ಫೋಟೋ ಸುಗಿಮೊಟೊ ತೆಗೆದರು. ಕಾಪಿಯ ಕಾಪಿಯ ಕಾಪಿ. ಆದ್ರೂ ಗ್ಯಾಲರಿಯಲ್ಲಿ ಎದುರು ನಿಂತರೆ ರಾಜ ಉಸಿರಾಡ್ತಿದ್ದಾನೆ ಅನ್ಸುತ್ತೆ.

1980ರಲ್ಲಿ ಅವರ ಇನ್ನೊಂದು ದೊಡ್ಡ ಸರಣಿ ಶುರುವಾಯ್ತು: 'ಸೀಸ್ಕೇಪ್ಸ್', ಅಂದ್ರೆ ಕಡಲಿನ ದೃಶ್ಯಗಳು. ಇಲ್ಲಿನ ಪ್ರಶ್ನೆ ಇನ್ನೂ ದೊಡ್ಡದು. ಆದಿಮಾನವ ಕಂಡ ಒಂದು ದೃಶ್ಯವನ್ನು ಇವತ್ತು ನಾವು ಅದೇ ಥರ ನೋಡೋಕೆ ಸಾಧ್ಯವಾ? ಬೆಟ್ಟ ಸವೆದಿದೆ, ಕಾಡು ಕಡಿದಾಗಿದೆ, ನೆಲದ ಮೇಲೆ ರಸ್ತೆ, ಊರು, ಟವರ್ ಬಂದಿವೆ. ಬದಲಾಗದೆ ಉಳಿದದ್ದು ಏನು? ನೀರು ಮತ್ತು ಗಾಳಿ.

ಹಾಗಾಗಿ ಅವರು ಜಗತ್ತಿನ ಸಮುದ್ರಗಳ ದಡಕ್ಕೆ ಹೋಗೋಕೆ ಶುರು ಮಾಡಿದರು. ಜಮೈಕಾದ ಕೆರಿಬಿಯನ್ ಸಮುದ್ರ, ಜಪಾನ್ ಸಮುದ್ರ, ಬಾಲ್ಟಿಕ್, ಇಟಲಿಯ ಪಕ್ಕದ ಸಮುದ್ರಗಳು, ಅಮೆರಿಕದ ಲೇಕ್ ಸುಪೀರಿಯರ್. ಪ್ರತಿ ಫೋಟೋದ ಚೌಕಟ್ಟೂ ಒಂದೇ. ಮಧ್ಯದಲ್ಲಿ ಸರಿಯಾಗಿ ಕ್ಷಿತಿಜ, ಅರ್ಧ ನೀರು, ಅರ್ಧ ಆಕಾಶ. ಹಡಗಿಲ್ಲ, ಹಕ್ಕಿಯಿಲ್ಲ, ದಡ ಇಲ್ಲ, ಮನುಷ್ಯರಿಲ್ಲ. ಮೊದಲ ಸಲ ನೋಡಿದಾಗ 'ಇದೇನ್ ಗುರು, ಎಲ್ಲಾ ಒಂದೇ ಥರ ಇದೆ' ಅನ್ನಿಸುತ್ತೆ. ಅದೇ ಅದರ ಟ್ರಿಕ್. ಎಲ್ಲಾ ವೇರಿಯಬಲ್‌ಗಳನ್ನೂ ಕಾನ್ಸ್ಟಂಟ್ ಮಾಡಿಬಿಟ್ರೆ, ಉಳಿದ ಸಣ್ಣ ವ್ಯತ್ಯಾಸ ಎದ್ದು ಕಾಣೋಕೆ ಶುರುವಾಗುತ್ತೆ. ಒಂದರಲ್ಲಿ ಅಲೆ ಚೂಪಾಗಿದೆ, ಇನ್ನೊಂದರಲ್ಲಿ ಮಂಜು ಬಂದು ನೀರಿಗೂ ಆಕಾಶಕ್ಕೂ ಮಧ್ಯದ ಗೆರೆಯೇ ಕರಗಿದೆ, ಮತ್ತೊಂದು ರಾತ್ರಿಯದ್ದು, ಕಪ್ಪಿನ ಮೇಲೆ ಕಪ್ಪು. ಈ ಸರಣಿಯ ಒಂದು ಫೋಟೋವನ್ನು ನಿಮ್ಮಲ್ಲಿ ಕೆಲವರು ಆಗಲೇ ನೋಡಿರಬಹುದು. ಯು2 ಬ್ಯಾಂಡಿನ 2009ರ 'ನೋ ಲೈನ್ ಆನ್ ದಿ ಹೊರೈಜನ್' ಆಲ್ಬಮ್ ಕವರ್ ಮೇಲೆ ಇರೋದು ಇವರ ಫೋಟೋನೇ.

ಗೇರ್ ಬಗ್ಗೆ ಕೇಳೋ ಫೋಟೋಗ್ರಫಿ ಕ್ಲಬ್‌ನವರಿಗೆ ಒಂದು ಮಾತು. ಸುಗಿಮೊಟೊ ಬಳಸೋದು 8×10 ಇಂಚಿನ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ. ಮರದ ಪೆಟ್ಟಿಗೆ, ಮಧ್ಯೆ ಹಾರ್ಮೋನಿಯಂ ತಿದಿ ಥರದ ಬೆಲ್ಲೋಸ್, ಹಿಂದೆ ಒಂದೊಂದೇ ಶೀಟ್ ಫಿಲ್ಮ್. ಒಂದು ಶೀಟಿನ ವಿಸ್ತೀರ್ಣ ಫುಲ್ ಫ್ರೇಮ್ ಸೆನ್ಸರ್‌ಗಿಂತ ಸುಮಾರು 60 ಪಟ್ಟು ದೊಡ್ಡದು. ಅದಕ್ಕೇ ದೊಡ್ಡ ಪ್ರಿಂಟ್ ಮಾಡಿದರೂ ದೂರದ ಅಲೆಯ ಸುಕ್ಕೂ ಉಳಿಯುತ್ತೆ.

ಈ ಬೆಲ್ಲೋಸ್ ಕ್ಯಾಮೆರಾ ಇದ್ದಿದ್ದಕ್ಕೇ 1997ರಲ್ಲಿ ಶುರುವಾದ 'ಆರ್ಕಿಟೆಕ್ಚರ್' ಸರಣಿ ಸಾಧ್ಯ ಆಯ್ತು. ಐಫೆಲ್ ಟವರ್, ಸೀಗ್ರಮ್ ಬಿಲ್ಡಿಂಗ್, ಲೆ ಕಾರ್ಬುಸಿಯೆ ಕಟ್ಟಿದ ವಿಲ್ಲಾ ಸವೊಯ್‌ಯಂಥ ಪ್ರಸಿದ್ಧ ಕಟ್ಟಡಗಳನ್ನು ತೆಗೆದರು, ಎಲ್ಲವೂ ಬೇಕಂತಲೇ ಔಟ್ ಆಫ್ ಫೋಕಸ್. ಅವರು ಫೋಕಸ್ ಇಟ್ಟಿದ್ದು 'ಇನ್ಫಿನಿಟಿಯ ಎರಡರಷ್ಟು' ದೂರಕ್ಕಂತೆ. ಇನ್ಫಿನಿಟಿಗೆ ಎರಡರಷ್ಟು ಎಲ್ಲಿಂದ ಬಂತು ಅಂತ ನಗಬೇಡಿ, ಇದಕ್ಕೆ ಆಪ್ಟಿಕ್ಸ್‌ನಲ್ಲಿ ಅರ್ಥ ಇದೆ. ಪಿಯುಸಿಯ ಲೆನ್ಸ್ ಫಾರ್ಮುಲಾ ನೆನಪಿಸಿಕೊಳ್ಳಿ. ವಸ್ತು ಅನಂತ ದೂರದಲ್ಲಿದ್ದರೆ ಬಿಂಬ ಸರಿಯಾಗಿ ಫೋಕಲ್ ಲೆಂಗ್ತ್‌ನಲ್ಲಿ ಬೀಳುತ್ತೆ. ವಸ್ತು ಹತ್ತಿರ ಬಂದಂತೆ ಬಿಂಬ ಇನ್ನೂ ಹಿಂದಕ್ಕೆ ಹೋಗುತ್ತೆ. ಅಂದ್ರೆ ಲೆನ್ಸನ್ನು ಫೋಕಲ್ ಲೆಂಗ್ತ್‌ಗಿಂತಲೂ ಫಿಲ್ಮಿನ ಹತ್ತಿರಕ್ಕೆ ತಳ್ಳಿದರೆ ಜಗತ್ತಿನ ಯಾವ ವಸ್ತುವೂ ಶಾರ್ಪ್ ಆಗಲ್ಲ. ಮಾಮೂಲಿ ಲೆನ್ಸ್‌ಗಳು ಇನ್ಫಿನಿಟಿ ಹತ್ತಿರ ನಿಂತುಬಿಡುತ್ತವೆ. ಬೆಲ್ಲೋಸ್‌ಗೆ ಆ ತಡೆ ಇಲ್ಲ.

ಯಾಕೆ ಹೀಗೆ? ಕಟ್ಟಡ ಮೊದಲು ಹುಟ್ಟೋದು ವಾಸ್ತುಶಿಲ್ಪಿಯ ತಲೆಯಲ್ಲಿ, ಒಂದು ಅಸ್ಪಷ್ಟ ಆಕಾರವಾಗಿ. ಕಿಟಕಿ, ಬೋಲ್ಟ್, ಬಜೆಟ್ ಎಲ್ಲಾ ಆಮೇಲೆ. ಬ್ಲರ್ ಮಾಡಿದರೆ ವಿವರ ಕರಗಿ ಆ ಮೊದಲ ಆಕಾರ ವಾಪಸ್ ಬರುತ್ತೆ. ಒಳ್ಳೆಯ ಡಿಸೈನ್ ಆಗಿದ್ರೆ ಎಷ್ಟು ಬ್ಲರ್ ಮಾಡಿದರೂ ಗುರುತು ಸಿಗುತ್ತೆ ಅನ್ನೋದು ಅವರ ಪರೀಕ್ಷೆ. ಸಿವಿಲ್‌ನವರು ಕಾಂಕ್ರೀಟ್ ಕ್ಯೂಬ್ ಒಡೆದು ಸ್ಟ್ರೆಂತ್ ನೋಡಿದ ಹಾಗೆ, ಇವರು ಬ್ಲರ್ ಮಾಡಿ ಕಟ್ಟಡದ ಸ್ಟ್ರೆಂತ್ ನೋಡ್ತಾರೆ. ಈ ಸರಣಿಯಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಕೂಡ ಇದೆ. 1997ರಲ್ಲಿ ತೆಗೆದಿದ್ದು. ಮಂಜಿನಲ್ಲಿ ಎದ್ದ ಎರಡು ನೆರಳುಗಳಂತೆ ಗೋಪುರಗಳು ನಿಂತಿವೆ. ನಾಲ್ಕು ವರ್ಷ ಆದ್ಮೇಲೆ, 2001ರಲ್ಲಿ, ಅವು ಇರಲಿಲ್ಲ. ಕಟ್ಟಡದ ಹುಟ್ಟಿನ ಬಗ್ಗೆ ತೆಗೆದ ಫೋಟೋ ಈಗ ಅದರ ನೆನಪಿನ ಫೋಟೋ ಆಗಿದೆ. ಫೋಟೋ ಬದಲಾಗಿಲ್ಲ, ನೋಡೋ ನಾವು ಬದಲಾಗಿದ್ದೀವಿ.

ತಾಳ್ಮೆಗೆ ಇನ್ನೊಂದು ಉದಾಹರಣೆ ಕೇಳಿ. ಜಪಾನಿನ ಕ್ಯೋಟೋದಲ್ಲಿ ಸಾಂಜೂಸಾಂಗೆನ್‌ದೋ ಅನ್ನೋ ಬೌದ್ಧ ದೇವಾಲಯ ಇದೆ. ಅದರ ಉದ್ದನೆಯ ಹಾಲ್‌ನಲ್ಲಿ ಕನ್ನೊನ್ ದೇವತೆಯ 1,001 ವಿಗ್ರಹಗಳಿವೆ. ಕನ್ನೊನ್ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಅವಲೋಕಿತೇಶ್ವರನೇ, ಭಾರತದಿಂದ ಚೀನಾ ಮೂಲಕ ಜಪಾನಿಗೆ ಹೋದವನು. ಅಲ್ಲಿ ಫೋಟೋ ತೆಗೆಯೋಕೆ ಅನುಮತಿ ಸಿಗೋದಕ್ಕೇ ಸುಗಿಮೊಟೊ ಏಳು ವರ್ಷ ಕಾದರು. 1995ರಲ್ಲಿ ಕೊನೆಗೂ ಸಿಕ್ತು. ಟ್ಯೂಬ್‌ಲೈಟ್ ಎಲ್ಲಾ ಆರಿಸಿ, ಬೆಳಗಿನ ಸೂರ್ಯನ ಬೆಳಕು ಮಾತ್ರ ಒಳಗೆ ಬರೋ ಹೊತ್ತಿನಲ್ಲಿ ತೆಗೆದರು. ಶತಮಾನಗಳ ಹಿಂದಿನ ಭಕ್ತರು ಕಂಡ ಬೆಳಕಿನಲ್ಲೇ ಇದನ್ನ ನೋಡಬೇಕು ಅನ್ನೋದು ಉದ್ದೇಶ. ಕಡಲಿಗೆ ಕೇಳಿದ್ದ ಪ್ರಶ್ನೆಯನ್ನೇ ಇಲ್ಲಿ ದೇವಸ್ಥಾನಕ್ಕೆ ಕೇಳಿದರು.

ಈಗ ಇಸಿ, ಟ್ರಿಪಲ್ ಇಯವರಿಗೆ ಇಷ್ಟ ಆಗೋ ಭಾಗ. ಡಾರ್ಕ್‌ರೂಮ್‌ನಲ್ಲಿ ಕೆಲಸ ಮಾಡೋರಿಗೆ ಸ್ಟ್ಯಾಟಿಕ್ ಎಲೆಕ್ಟ್ರಿಸಿಟಿ ದೊಡ್ಡ ಶತ್ರು. ಒಣ ಹವೆಯಲ್ಲಿ ಫಿಲ್ಮ್ ಶೀಟ್ ಎಳೆದಾಗ ಚಿಟ್ ಅಂತ ಒಂದು ಕಿಡಿ ಹಾರಿದರೆ ಸಾಕು, ಕಷ್ಟಪಟ್ಟು ತೆಗೆದ ನೆಗೆಟಿವ್ ಮೇಲೆ ಗೀರು. ಹೀಗೆ ಕಾಟ ಕೊಡ್ತಿದ್ದ ಕಿಡಿಯನ್ನೇ ಸುಗಿಮೊಟೊ ವಿಷಯ ಮಾಡಿಕೊಂಡರು. 4,00,000 ವೋಲ್ಟ್‌ನ ವ್ಯಾನ್ ಡಿ ಗ್ರಾಫ್ ಜನರೇಟರ್ ತಂದು, ಲೋಹದ ತಟ್ಟೆ ಮೇಲೆ ಫಿಲ್ಮ್ ಇಟ್ಟು, ನೇರವಾಗಿ ಅದರ ಮೇಲೇ ಮಿಂಚು ಹರಿಸಿದರು. ಕ್ಯಾಮೆರಾನೂ ಇಲ್ಲ, ಲೆನ್ಸೂ ಇಲ್ಲ. 'ಲೈಟ್ನಿಂಗ್ ಫೀಲ್ಡ್ಸ್' ಅನ್ನೋ ಈ ಫೋಟೋಗಳು ಒಮ್ಮೆ ಮರದ ಕೊಂಬೆ ಥರ, ಒಮ್ಮೆ ಬೇರಿನ ಥರ, ಒಮ್ಮೆ ಯಾವುದೋ ಹಳೇ ಕಾಲದ ಜೀವಿಯ ಥರ ಕಾಣುತ್ತವೆ.

ಗಣಿತವನ್ನೂ ಬಿಟ್ಟಿಲ್ಲ ಅವರು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡೋಕೆ ಅಂತ ಜರ್ಮನಿಯಿಂದ ತರಿಸಿದ್ದ ಹಳೇ ಪ್ಲಾಸ್ಟರ್ ಮಾದರಿಗಳಿದ್ದವು. ಸಮೀಕರಣಗಳನ್ನು ಮೂರು ಡೈಮೆನ್ಷನ್‌ನಲ್ಲಿ ತೋರಿಸೋ ಆಕಾರಗಳು. 2004ರಲ್ಲಿ ಅವುಗಳನ್ನು ಕೆಳಗಿನಿಂದ ನೋಡಿ, ಗೋಪುರಗಳ ಥರ ತೆಗೆದರು. ನಾವು ಎಕ್ಸಾಮ್‌ಗೋಸ್ಕರ ಬೈಹಾರ್ಟ್ ಮಾಡೋ ಸರ್ಫೇಸ್‌ಗಳು ಇಷ್ಟು ಚೆಂದ ಇರ್ತವೆ ಅಂತ ಯಾರೂ ನಮಗೆ ಹೇಳಿರಲಿಲ್ಲ.

2001ರಲ್ಲಿ ಅವರಿಗೆ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂತು. 2009ರಲ್ಲಿ ಜಪಾನಿನ ಪ್ರೀಮಿಯಂ ಇಂಪೀರಿಯಾಲೆ ಪ್ರಶಸ್ತಿ, ಅದೂ ಪೇಂಟಿಂಗ್ ವಿಭಾಗದಲ್ಲಿ. ಆ ಹೊತ್ತಿಗೆ ಅವರು ಕಟ್ಟಡಗಳ ಕಡೆಗೂ ತಿರುಗಿದ್ದರು. 2008ರಲ್ಲಿ 'ನ್ಯೂ ಮೆಟೀರಿಯಲ್ ರಿಸರ್ಚ್ ಲ್ಯಾಬೊರೇಟರಿ' ಅಂತ ಒಂದು ಸಂಸ್ಥೆ ಶುರು ಮಾಡಿದರು. ಹೆಸರು ಹಾಗಿದ್ರೂ ಅಲ್ಲಿ ಬಳಸೋದು ಹೆಚ್ಚಾಗಿ ಹಳೇ ಕಲ್ಲು, ಹಳೇ ಮರ, ಹಳೇ ತಂತ್ರ. ಅವುಗಳೇ ಇವತ್ತಿಗೆ ಹೊಸತು ಅನ್ನೋದು ಅವರ ವಾದ.

ಆ ಕೆಲಸದ ತುದಿ ಅಂದ್ರೆ ಎನೌರಾ ಅಬ್ಸರ್ವೇಟರಿ. ಟೋಕಿಯೋದಿಂದ ನೈಋತ್ಯಕ್ಕೆ, ಒಡವಾರಾ ಊರಿನ ಕಡಲ ಬದಿಯ ಗುಡ್ಡದ ಮೇಲೆ 2017ರಲ್ಲಿ ತೆರೆಯಿತು. ಅಲ್ಲಿ 100 ಮೀಟರ್ ಉದ್ದದ ಒಂದು ಗ್ಯಾಲರಿ ಇದೆ, ಅದರ ತುದಿ ಬೇಸಿಗೆಯ ಅತಿ ಉದ್ದದ ಹಗಲಿನ ದಿನ ಸೂರ್ಯ ಹುಟ್ಟೋ ದಿಕ್ಕಿಗೆ ಮುಖ ಮಾಡಿದೆ. 70 ಮೀಟರ್ ಉದ್ದದ ಲೋಹದ ಒಂದು ಸುರಂಗವೂ ಇದೆ, ಚಳಿಗಾಲದ ಅತಿ ಚಿಕ್ಕ ಹಗಲಿನ ಬೆಳಗ್ಗೆ ಸೂರ್ಯನ ಬೆಳಕು ಅದರೊಳಗೆ ಹಾದು ಬರುತ್ತೆ. ಯೋಚಿಸಿ ನೋಡಿದ್ರೆ ಇಡೀ ಜಾಗವೇ ಒಂದು ಕ್ಯಾಮೆರಾ. ಶಟರ್ ವರ್ಷಕ್ಕೊಂದು ಸಲ ತೆರೆಯುತ್ತೆ ಅಷ್ಟೇ. ಸುಗಿಮೊಟೊ ಚಿಕ್ಕವರಿದ್ದಾಗ ರೈಲಿನ ಕಿಟಕಿಯಿಂದ ಕಡಲನ್ನು ಕಂಡ ನೆನಪು ಇದೇ ಕರಾವಳಿಯದ್ದು. ಸಾವಿರಾರು ವರ್ಷ ಆದ್ಮೇಲೆ ಇದೆಲ್ಲಾ ಪಾಳುಬಿದ್ದರೂ ಚೆಂದ ಕಾಣಬೇಕು ಅಂತ ಅವರ ಆಸೆ.

ಫೋಟೋ ಅಂದ್ರೆ ಒಂದು ಕ್ಷಣವನ್ನು ಹಿಡಿಯೋದು ಅಂತ ನಾವು ಹೇಳ್ತೀವಿ. ಸುಗಿಮೊಟೊ ಕೆಲಸ ನೋಡಿದ್ಮೇಲೆ ಅದು ಅರ್ಧ ಸತ್ಯ ಅನ್ನಿಸುತ್ತೆ. ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಏನನ್ನು ಹೊರಗಿಡಬೇಕು ಅನ್ನೋದು ನಮ್ಮ ಕೈಲಿದೆ, ಅದರ ಮೇಲೆ ಉತ್ತರ ಬದಲಾಗುತ್ತೆ. ಒಂದು ಕಾಲೇಜ್ ಫೆಸ್ಟ್ ಮುಗಿದ್ರೆ ನಮ್ಮ ಡ್ರೈವ್‌ನಲ್ಲಿ ಸಾವಿರಾರು ಫೋಟೋ ಇರುತ್ತೆ. ತಿಂಗಳಾದ್ಮೇಲೆ ತೆಗೆದು ನೋಡೋರು ಯಾರು? ಎಲ್ಲವನ್ನೂ ಕೂಡಿಸ್ತಾ ಹೋದ್ರೆ ಕೊನೆಗೆ ಉಳಿಯೋದು ಬಿಳಿ ಪರದೆ ಅಂತ ಅವರು 1,72,800 ಫ್ರೇಮ್ ಹಾಕಿ ತೋರಿಸಿದ್ದಾರೆ. ಆದ್ರೆ ಅವರು ಆ ಬಿಳುಪನ್ನು ತಿಳಿದೂ ತಿಳಿದೂ ಆರಿಸಿಕೊಂಡರು. ನಮ್ಮದು ತಾನಾಗಿ ಆಗಿಹೋಗುತ್ತೆ, ವ್ಯತ್ಯಾಸ ಅಷ್ಟೇ.

ಅವರ ಫೋಟೋಗಳು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಹುಡುಕಿ ನೋಡಿ, ಆದ್ರೆ ಸ್ಕ್ರೋಲ್ ಮಾಡಬೇಡಿ. ಒಂದು ಸೀಸ್ಕೇಪ್ ತೆಗೆದು, ಸ್ಕ್ರೀನ್ ಫುಲ್ ಬ್ರೈಟ್‌ನೆಸ್ ಇಟ್ಟು, ಎರಡು ನಿಮಿಷ ಸುಮ್ಮನೆ ನೋಡಿ. ಮೊದಲ 30 ಸೆಕೆಂಡ್ ಬೋರ್ ಹೊಡೆಯುತ್ತೆ. ಆಮೇಲೆ ಅಲೆಗಳು ಒಂದೊಂದಾಗಿ ಕಾಣೋಕೆ ಶುರುವಾಗುತ್ತವೆ.